ಹೋಸಿಯೋಸ್ ಲೂಕಾಸ್: ಯಾತ್ರಿಕರಿಗಾಗಿ ಕಟ್ಟಿದ ಗುಮ್ಮಟ

ಮಧ್ಯ ಗ್ರೀಸಿನ ದಿಸ್ತೊಮೊ ಊರಿನ ಬಳಿ, ಹೆಲಿಕಾನ್ ಬೆಟ್ಟದ ಇಳಿಜಾರಿನಲ್ಲಿ ಹೋಸಿಯೋಸ್ ಲೂಕಾಸ್ ಮಠವಿದೆ. ಹೆಸರಿನಲ್ಲಿರುವ ಲೂಕಾಸ್, ಅಂದರೆ ಲೂಕ, ಸುವಾರ್ತೆ ಬರೆದ ಲೂಕನಲ್ಲ. 953ರಲ್ಲಿ ತೀರಿಕೊಂಡ ಆ ಸೀಮೆಯದೇ ವಿರಕ್ತ. ರೊಮಾನೋಸ್ ಎಂಬ ಚಕ್ರವರ್ತಿಯ ಕಾಲಕ್ಕೆ ಕ್ರೀಟ್ ದ್ವೀಪ ಅರಬರಿಂದ ಬಿಡುಗಡೆಯಾಗುವುದೆಂದು ಆತ ಭವಿಷ್ಯ ನುಡಿದಿದ್ದನಂತೆ. 961ರಲ್ಲಿ, ಎರಡನೆಯ ರೊಮಾನೋಸ್ ಆಳುತ್ತಿದ್ದಾಗ, ಹಾಗೆಯೇ ಆಯಿತು. ಸಂತನ ಸಮಾಧಿಗೆ ಜನ ಬರತೊಡಗಿದರು.

ಮಠದಲ್ಲಿ ಎರಡು ಚರ್ಚುಗಳು ಒಂದಕ್ಕೊಂದು ಅಂಟಿಕೊಂಡಿವೆ. ಹತ್ತನೆಯ ಶತಮಾನದ ಮೇರಿಮಾತೆಯ ಚರ್ಚು ಚಿಕ್ಕದು. ಅದರ ಗುಮ್ಮಟ ನಾಲ್ಕು ಕಂಬಗಳ ಮೇಲೆ ನಿಂತಿದೆ. ದೊಡ್ಡ ಚರ್ಚು ಹನ್ನೊಂದನೆಯ ಶತಮಾನದ ಮೊದಲ ಭಾಗದ್ದು. ಯಾವುದು ಹಳೆಯದೆಂಬ ವಿವಾದ ಬಹುಕಾಲ ನಡೆದಿತ್ತು. ದೊಡ್ಡ ಚರ್ಚಿನ ಅಮೃತಶಿಲೆಯ ಹೊದಿಕೆಯ ಹಿಂದೆ ಬೈಬಲಿನ ಯೆಹೋಶುವನ ವರ್ಣಚಿತ್ರ ಸಿಕ್ಕಿತು. ಅದು ಚಿಕ್ಕ ಚರ್ಚಿನ ಹೊರಗೋಡೆಯ ಮೇಲೆ ಬರೆದದ್ದು. ದೊಡ್ಡದನ್ನು ಕಟ್ಟುವಾಗ ಮುಚ್ಚಿಹೋಗಿತ್ತು. ವಿವಾದ ಅಲ್ಲಿಗೆ ತೀರಿತು.

ದೊಡ್ಡ ಚರ್ಚಿನ ಹೆಚ್ಚುಗಾರಿಕೆ ಇರುವುದು ಅದರ ವಿನ್ಯಾಸದಲ್ಲಿ. ಸುಮಾರು 9 ಮೀಟರ್ ಅಗಲದ ಗುಮ್ಮಟದ ಭಾರವನ್ನು ನಾಲ್ಕು ಕಂಬಗಳ ಬದಲು ಎಂಟು ಕಡೆ ಹಂಚಲಾಗಿದೆ. ಚೌಕದ ನಾಲ್ಕು ಮೂಲೆಗಳಿಗೂ ಅಡ್ಡಲಾಗಿ ಕಮಾನುಗೂಡುಗಳಿವೆ. ಹೀಗಾಗಿ ನಡುವೆ ಕಂಬದ ಅಡ್ಡಿಯಿಲ್ಲದ ವಿಶಾಲ ಜಾಗ ತೆರೆದುಕೊಳ್ಳುತ್ತದೆ. ಸಮಾಧಿ ಕೆಳಗಿನ ನೆಲಮಾಳಿಗೆಯಲ್ಲಿದೆ. ಸಂತನ ಅವಶೇಷಗಳ ಪೂಜಾಸ್ಥಾನ ಎರಡೂ ಚರ್ಚುಗಳು ಸೇರುವ ಕಡೆ, ಮೇಲೆಯೇ ಇದೆ. ಜನ ನೆರೆಯಲೂ ದರ್ಶನ ಮಾಡಲೂ ಇಷ್ಟು ಅನುಕೂಲವಾದ ಏರ್ಪಾಡು ಆ ಕಾಲದ ಮಠಗಳಲ್ಲಿ ಅಪರೂಪ.

ದೊಡ್ಡ ಚರ್ಚಿನ ಮೊಸಾಯಿಕ್ ಚಿತ್ರಗಳ ಬಗ್ಗೆ ವಿಮರ್ಶಕರು ಅಷ್ಟು ಉದಾರಿಗಳಲ್ಲ. ಅಥೆನ್ಸ್ ಸಮೀಪದ ದಾಫ್ನಿ ಮಠದ ಚಿತ್ರಗಳ ನಯಕ್ಕೆ ಹೋಲಿಸಿ, ಇವು ಬಿರುಸು, ಹಳ್ಳಿಗಾಡಿನವು ಎನ್ನುತ್ತಾರೆ. ಬಿರುಸು ನಿಜ. ಮುಖಮಂಟಪದ ಶಿಲುಬೆಯ ದೃಶ್ಯದಲ್ಲಿ ಬಂಗಾರದ ಹಿನ್ನೆಲೆ ಬಿಟ್ಟರೆ ಮೂವರೇ ಮುಖ್ಯರು: ಕಣ್ಣು ಮುಚ್ಚಿದ ಕ್ರಿಸ್ತ, ಒಂದೆಡೆ ಮೇರಿ, ಇನ್ನೊಂದೆಡೆ ಶಿಷ್ಯ ಯೋಹಾನ. ದಪ್ಪ ಗೆರೆಗಳಲ್ಲಿ ಬರೆದ ಈ ದೃಶ್ಯ ಬಾಗಿಲಲ್ಲಿ ನಿಂತವನಿಗೂ ಸ್ಪಷ್ಟ. ಇದನ್ನು ಕೌಶಲದ ಕೊರತೆ ಎನ್ನುವುದು ಅನ್ಯಾಯ. ಮೂಲೆಯ ಕಮಾನುಗೂಡಿನಲ್ಲಿರುವ ಕ್ರಿಸ್ತನ ದೀಕ್ಷಾಸ್ನಾನದ ಚಿತ್ರ ಇನ್ನೂ ಜಾಣ್ಮೆಯದು. ಬಾಗಿದ ಗೋಡೆಯ ಒಂದು ಬದಿಯಿಂದ ಸ್ನಾನಿಕ ಯೋಹಾನ ಕೈಚಾಚುತ್ತಾನೆ, ಎದುರು ಬದಿಯಲ್ಲಿ ದೇವದೂತರು ಕಾದಿದ್ದಾರೆ. ನಡುವಿನ ಟೊಳ್ಳೇ ಘಟನೆ ನಡೆಯುವ ಜಾಗ. ಸಪಾಟು ಗೋಡೆಯಲ್ಲಿ ಇದು ಸಾಧ್ಯವೇ ಇರಲಿಲ್ಲ.

ಗುಮ್ಮಟದ ಮೂಲ ಮೊಸಾಯಿಕ್ 1593ರ ಭೂಕಂಪದಲ್ಲಿ ಉದುರಿತು. ಈಗಿರುವುದು ಆಮೇಲೆ ಬರೆದ ಬಣ್ಣದ ಚಿತ್ರ. ಸುತ್ತಲಿನ ಬಂಗಾರದ ನಡುವೆ ಅದು ತೀರಾ ಸಪ್ಪೆ. ವೆನಿಸ್ ಸೇರಿದ್ದ ಸಂತನ ಅವಶೇಷಗಳು 1986ರಲ್ಲಿ ಮರಳಿದವು. 1990ರಲ್ಲಿ ದಾಫ್ನಿ ಮತ್ತು ಖಿಯೋಸ್ ದ್ವೀಪದ ನೆಯಾ ಮೊನಿ ಮಠಗಳ ಜೊತೆ ಇದೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.