ಗಾಂಧಾರ ಬಿಟ್ಟುಕೊಟ್ಟ ವಾದ್ಯ

ಮ್ಯಾಂಡೋಲಿನ್ ಎಂದರೆ ನಮ್ಮ ಕಡೆ ಮೊದಲು ನೆನಪಾಗುವವರು ಯು. ಶ್ರೀನಿವಾಸ್. ಕಛೇರಿಗೆ ಒಗ್ಗಿಸಿಕೊಳ್ಳಲು ಅವರು ಜೋಡಿ ತಂತಿಗಳನ್ನು ಕೈಬಿಟ್ಟು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೋಲಿನ್ ಹಿಡಿದರು. ಗಮಕಕ್ಕೆ ತಂತಿ ಎಳೆಯಬೇಕು. ಜೋಡಿ ತಂತಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇದೇ ಮನೆತನದ ವಾದ್ಯವನ್ನು ಐರ್ಲೆಂಡಿನವರು ತದ್ವಿರುದ್ಧ ದಾರಿಗೆ ಒಯ್ದರು. ಜೋಡಿ ತಂತಿಗಳನ್ನು ಉಳಿಸಿಕೊಂಡು, ಉದ್ದ ಕುತ್ತಿಗೆಯ ವಾದ್ಯ ಹಿಡಿದು, ದನಿಯನ್ನು ಒಂದು ಸ್ಥಾಯಿ ಕೆಳಗಿಳಿಸಿದರು. ಆ ತಗ್ಗಿದ ದನಿಯ ರುಚಿ ಹತ್ತಿದವರು ಅದಿರುವ ಬ್ಯಾಂಡುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ನಾನೂ ಹುಡುಕಿದವನೇ. ಎಷ್ಟು ಅಲೆದರೂ ಮರಳಿ ಬಂದು ನಿಲ್ಲುವುದು ಮಾತ್ರ ಒಂದೇ ಆಲ್ಬಂ ಹತ್ತಿರ: 1973ರಲ್ಲಿ ಬಂದ ‘ಪ್ಲಾಂಕ್ಸ್ಟಿ’.

ಹುಡುಕುವವರಿಗೆ ಮೊದಲ ತೊಡಕು ಹೆಸರಿನದು. ಮ್ಯಾಂಡೋಲಾ ಮ್ಯಾಂಡೋಲಿನ್ನಿಗಿಂತ ಐದು ಸ್ವರ ಕೆಳಗೆ, ಆಕ್ಟೇವ್ ಮ್ಯಾಂಡೋಲಿನ್ ಪೂರ್ತಿ ಒಂದು ಸ್ಥಾಯಿ ಕೆಳಗೆ. ಬ್ರಿಟನ್ನಿನಲ್ಲಿ ಎರಡನೆಯದನ್ನೂ ‘ಆಕ್ಟೇವ್ ಮ್ಯಾಂಡೋಲಾ’ ಎನ್ನುವುದುಂಟು. ಅದಕ್ಕಿಂತ ಕುತ್ತಿಗೆ ಉದ್ದವಾದರೆ ಐರಿಷ್ ಬುಜುಕಿ. ಗೆರೆ ಎಲ್ಲಿ ಎಂದು ಕೇಳಿದರೆ ವಾದ್ಯ ಮಾಡುವವರೇ ಒಬ್ಬರಂತೆ ಒಬ್ಬರು ಹೇಳುವುದಿಲ್ಲ. ಕೇಳುಗರಿಗೆ ಇದು ದೊಡ್ಡ ವಿಷಯವೂ ಅಲ್ಲ. ನಾಲ್ಕು ಜೋಡಿ, ಎಂಟು ತಂತಿ, ನಡುವಿನ ದನಿ: ಇಷ್ಟು ಗುರುತು ಸಾಕು.

ಬುಜುಕಿ ಹುಟ್ಟಿನಿಂದ ಗ್ರೀಕ್ ವಾದ್ಯ. 1960ರ ದಶಕದ ನಡುವಿನಲ್ಲಿ ಅದನ್ನು ಐರಿಷ್ ಸಂಗೀತಕ್ಕೆ ತಂದವರು ‘ಸ್ವೀನೀಸ್ ಮೆನ್’ ತಂಡದ ಜಾನಿ ಮೊಯ್ನಿಹನ್. ತಂತಿಗಳನ್ನು ಅವರು ಶ್ರುತಿ ಮಾಡಿದ್ದು ಜಿ-ಡಿ-ಎ-ಡಿ ಎಂದು. ಮ್ಯಾಂಡೋಲಿನ್ನಿನಲ್ಲಿ ಕೊನೆಯ ಜೋಡಿ ‘ಇ’ ಇರುತ್ತದೆ. ಅದನ್ನು ಒಂದು ಸ್ವರ ಸಡಿಲಿಸಿದರು, ಅಷ್ಟೇ. ಈ ಸಣ್ಣ ಸಡಿಲಿಕೆಯಿಂದ ವಾದ್ಯದ ಸ್ವಭಾವವೇ ಬದಲಾಯಿತು. ಡಿ ಎಂದರೆ ಷಡ್ಜ ಎಂದುಕೊಳ್ಳಿ. ಬೆರಳಿಡದೆ ಮೀಟಿದರೂ ಎರಡು ಸ್ಥಾಯಿಯ ಷಡ್ಜ, ನಡುವೆ ಪಂಚಮ ಮೊಳಗುತ್ತವೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಐರಿಷ್ ಜನಪದ ಸಂಗೀತ ಮೂಲದಲ್ಲಿ ಒಂಟಿ ರಾಗದ ಸಂಗೀತ. ಒಬ್ಬ ಪಿಟೀಲಿನವನೋ ಬ್ಯಾಗ್‌ಪೈಪಿನವನೋ ನುಡಿಸುತ್ತಾನೆ. ಹತ್ತು ಜನ ಕೂಡಿದರೂ ನುಡಿಸುವುದು ಅದೇ ರಾಗವನ್ನೇ. ಗಿಟಾರು ಬಂದು ಅದರ ಕೆಳಗೆ ಕಾರ್ಡುಗಳನ್ನು ಹಾಸಿದಾಗ ತೊಂದರೆ ಶುರುವಾಯಿತು. ಮಾಮೂಲಿ ಕಾರ್ಡಿನಲ್ಲಿ ಷಡ್ಜ, ಪಂಚಮಗಳ ಜೊತೆ ಗಾಂಧಾರವೂ ಇರುತ್ತದೆ. ಅದು ಅಂತರ ಗಾಂಧಾರವೋ ಸಾಧಾರಣ ಗಾಂಧಾರವೋ ಎಂಬುದನ್ನು ಹಾಡುವವನಿಗಿಂತ ಮೊದಲೇ ಗಿಟಾರು ತೀರ್ಮಾನಿಸಿಬಿಡುತ್ತದೆ. ಆ ನಾಡಿನ ಎಷ್ಟೋ ಧಾಟಿಗಳಾದರೋ ನಮ್ಮ ಖರಹರಪ್ರಿಯ, ಹರಿಕಾಂಭೋಜಿಗಳ ಸ್ವರಗಳಲ್ಲಿ ಓಡಾಡುವಂಥವು. ‘ಮೇಜರ್’, ‘ಮೈನರ್’ ಎಂಬ ಎರಡೇ ಖಾನೆಗಳಿಗೆ ಅವು ಬಗ್ಗುವುದಿಲ್ಲ. ಬುಜುಕಿ ಸ-ಪ ಹಿಡಿದು ಕೂತು ಗಾಂಧಾರವನ್ನು ಹಾಡಿಗೆ ಬಿಟ್ಟುಕೊಡಬಲ್ಲದು. ಇಂಥ ಬ್ಯಾಂಡುಗಳನ್ನು ಅಳೆಯಲು ನನ್ನ ಹತ್ತಿರ ಇರುವ ಕೋಲು ಇದೊಂದೇ: ಬಿಟ್ಟುಕೊಟ್ಟಿತೋ ಇಲ್ಲವೋ.

‘ಪ್ಲಾಂಕ್ಸ್ಟಿ’ ಆಲ್ಬಂ ಅದೇ ಹೆಸರಿನ ತಂಡದ್ದು. ತಂಡದಲ್ಲಿ ನಾಲ್ವರಿದ್ದರು. ಗಿಟಾರು ಹಿಡಿದು ಹಾಡುತ್ತಿದ್ದ ಕ್ರಿಸ್ಟಿ ಮೂರ್, ಇಲಿನ್ ಪೈಪ್ಸ್ ಎಂಬ ಐರಿಷ್ ಬ್ಯಾಗ್‌ಪೈಪ್ ನುಡಿಸುತ್ತಿದ್ದ ಲಿಯಮ್ ಓಫ್ಲಿನ್, ಮ್ಯಾಂಡೋಲಿನ್ ಮತ್ತು ಮ್ಯಾಂಡೋಲಾದ ಆಂಡಿ ಅರ್ವಿನ್, ಬುಜುಕಿಯ ಡೋನಲ್ ಲನಿ. ಕ್ರಿಸ್ಟಿ ಮೂರ್ ಅವರ ‘ಪ್ರಾಸ್ಪರಸ್’ ಆಲ್ಬಂಗೆಂದು ಕೂಡಿದವರು ಹಾಗೇ ತಂಡವಾದರು. ಲನಿ ಎಡಗೈ ವಾದಕ. ಗ್ರೀಕ್ ಬುಜುಕಿಯ ಕೆಳಗಿನ ಜೋಡಿಗಳಲ್ಲಿ ಒಂದು ತಂತಿ ದಪ್ಪ, ಇನ್ನೊಂದು ಸ್ಥಾಯಿ ಮೇಲಿನದು. ಲನಿ ಎರಡನ್ನೂ ಒಂದೇ ಸ್ಥಾಯಿಗೆ ತಂದರು. ದನಿ ತುಂಬಿಕೊಂಡಿತು.

‘ಪ್ಲಾಂಕ್ಸ್ಟಿ’ ಆಲ್ಬಮ್ಮಿನ ಮೊದಲ ಹಾಡನ್ನೇ ತೆಗೆದುಕೊಳ್ಳಿ. ಅಲೆಮಾರಿಗಳ ಹಿಂದೆ ಮನೆ ಬಿಟ್ಟು ಹೋದ ಸಿರಿವಂತ ಹೆಣ್ಣಿನ ಹಳೆಯ ಕಥನಗೀತೆ. ಮೂರ್ ಅವರದು ಮಣ್ಣು ಮೆತ್ತಿದಂಥ ದನಿ, ಅವಸರವಿಲ್ಲ. ಕೆಳಗೆ ಮ್ಯಾಂಡೋಲಿನ್ ಮತ್ತು ಬುಜುಕಿ ಕಾರ್ಡು ಹೊಡೆಯುತ್ತಾ ಕೂರುವುದಿಲ್ಲ. ಒಂದು ಬಿಟ್ಟ ಜಾಗದಲ್ಲಿ ಇನ್ನೊಂದು ಎರಡು ಸ್ವರ ಇಟ್ಟು ಹಿಂದೆ ಸರಿಯುತ್ತದೆ. ಜಡೆ ಹೆಣೆದ ಹಾಗೆ. ಕಥೆ ಮುಗಿದ ಮೇಲೆ ಹಾಡು ನಿಲ್ಲದೆ, 17ನೆಯ ಶತಮಾನದ ಹಾರ್ಪ್ ವಾದಕ ರುರಿ ಡಾಲ್ ಓ ಕಹಾನ್ ರಚಿಸಿದ ಧಾಟಿಯೊಂದಕ್ಕೆ ದಾಟುತ್ತದೆ. ಪೈಪ್ಸ್ ತುಂಬು ದನಿಯಲ್ಲಿ ಮೇಲೇಳುವ ಆ ಗಳಿಗೆಯಲ್ಲಿ ತಂತಿಗಳು ಅದಕ್ಕೆ ಪೂರಾ ಜಾಗ ಮಾಡಿಕೊಡುತ್ತವೆ. ಸಂಯಮ ಎಂಬ ಮಾತನ್ನು ವಿಮರ್ಶೆಯಲ್ಲಿ ಸವೆಸಿಬಿಟ್ಟಿದ್ದೇವೆ; ಇಲ್ಲಿ ಮಾತ್ರ ಅದನ್ನು ಬಿಟ್ಟು ಬೇರೆ ಪದ ನನಗೆ ಹೊಳೆಯುತ್ತಿಲ್ಲ.

ಕೊನೆಯ ಹಾಡು ‘ದ ಬ್ಲ್ಯಾಕ್‌ಸ್ಮಿತ್’. ಮಾತು ಕೊಟ್ಟು ಕೈಬಿಟ್ಟ ಕಮ್ಮಾರನ ಮೇಲೆ ಹುಡುಗಿಯೊಬ್ಬಳ ದೂರು. ಅರ್ವಿನ್ 1960ರ ದಶಕದ ಕೊನೆಯಲ್ಲಿ ಬಾಲ್ಕನ್ ನಾಡುಗಳಲ್ಲಿ ಸುತ್ತಿ ಬಂದವರು. ಅಲ್ಲಿಯ ಕುಣಿತಗಳಲ್ಲಿ ಏಳು ಮಾತ್ರೆಯ ಲಯ ದಿನನಿತ್ಯದ್ದು. ನಮ್ಮ ಮಿಶ್ರ ಛಾಪಿನ ನೆಂಟರು ಎನ್ನಿ. ಹಾಡಿನ ತುದಿಗೆ ಅರ್ವಿನ್ ಆ ಕಡೆಯ ಗಾಳಿ ತಾಗಿದ ಒಂದು ಗತ್ತನ್ನು ಬೆಸೆದಿದ್ದಾರೆ. ಅಂಟಿಸಿದ್ದು ಅನ್ನಿಸುವುದಿಲ್ಲ, ಹುಡುಗಿ ನುಂಗಿಕೊಂಡ ಸಿಟ್ಟೇ ಹೊರಬಿದ್ದಂತಿದೆ.

ಆಲ್ಬಮ್ಮಿನ ಹನ್ನೆರಡೂ ಟ್ರ್ಯಾಕುಗಳು ಚಿನ್ನವೇನಲ್ಲ. ‘ಓನ್ಲಿ ಅವರ್ ರಿವರ್ಸ್’ ದೇಶಭಕ್ತಿಯ ಕಣ್ಣೀರನ್ನು ತುಸು ಹೆಚ್ಚೇ ಸುರಿಸುತ್ತದೆ. ಅಲ್ಲಿ ತಂತಿಗಳಿಗೂ ಹೇಳಿಕೊಳ್ಳುವಂಥ ಕೆಲಸವಿಲ್ಲ.

ಮುಂದೆ ಬಂದ ಎಷ್ಟೋ ತಂಡಗಳು ಈ ವಾದ್ಯದಿಂದ ಕಲಿತದ್ದು ಅಬ್ಬರವನ್ನು. ಎಂಟೂ ತಂತಿಗಳನ್ನು ಒಟ್ಟಿಗೆ ಬಾರಿಸುತ್ತಾ ತಮಟೆ ಮಾಡಿಬಿಟ್ಟರು. ಲನಿಯವರೇ ಮುಂದೆ ಕಟ್ಟಿದ ‘ಬಾತಿ ಬ್ಯಾಂಡ್’ನಲ್ಲಿ ಆ ಓಟದ ಬೀಜವಿದೆ, ಅವರ ಕೈಯಲ್ಲಿ ಅದು ಮಿಂಚು, ಅನುಕರಿಸಿದವರ ಕೈಯಲ್ಲಿ ಗದ್ದಲ. ‘ಡಿ ಡ್ಯಾನನ್’ ತಂಡದ ಅಲೆಕ್ ಫಿನ್ ಹಾದಿ ಬೇರೆ. ಅವರು ಗ್ರೀಕರ ಮೂರು ಜೋಡಿಯ ಬುಜುಕಿಯನ್ನೇ ಇಟ್ಟುಕೊಂಡು, ಫ್ರ್ಯಾಂಕಿ ಗ್ಯಾವಿನ್ ಅವರ ಪಿಟೀಲಿನ ಸುತ್ತ ಬಳ್ಳಿಯಂತೆ ಹಬ್ಬಿದರು. ಅಮೆರಿಕದ ಸಾರಾ ಜರೋಸ್ ತಮ್ಮ ಹಾಡಿಗೆ ತಾವೇ ಆಕ್ಟೇವ್ ಮ್ಯಾಂಡೋಲಿನ್ ನುಡಿಸುತ್ತಾರೆ. ಅವರ ಆಲ್ಬಂ ‘ಅಂಡರ್‌ಕರೆಂಟ್’ ಕೇಳಿ. ಸ್ವೀಡನ್ನಿನ ‘ಫ್ರಿಫೋಟ್’ ತಂಡದ ಅಲೆ ಮ್ಯೊಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮ್ಯಾಂಡೋಲಾಕ್ಕೆ ಕಾಲು ಸ್ವರದ ಮೆಟ್ಟಿಲುಗಳನ್ನು ಸೇರಿಸಿಕೊಂಡರು. ಅಲ್ಲಿಯ ಹಳೆಯ ಧಾಟಿಗಳಲ್ಲಿ ಎರಡು ಗಾಂಧಾರಗಳ ನಡುವೆ ನಿಲ್ಲುವ ಮೂರನೆಯದೊಂದಿದೆ, ಅದಕ್ಕೋಸ್ಕರ.

ಇಷ್ಟನ್ನೂ ಕೇಳಲು ಪುರಸೊತ್ತು ಇಲ್ಲದವರು ಪ್ಲಾಂಕ್ಸ್ಟಿಯ ಆ ಕಪ್ಪು ಹೊದಿಕೆಯ ಆಲ್ಬಂ ಒಂದನ್ನೇ ಕೇಳಿ. ಫೋನಿನ ಸ್ಪೀಕರಿನಲ್ಲಿ ಬೇಡ, ಬುಜುಕಿಯ ಕೆಳಗಿನ ತಂತಿ ಅದರಲ್ಲಿ ಕೇಳುವುದೇ ಇಲ್ಲ.