ಕಂಬದ ಬುಡದ ಕಲ್ಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳೆಯ ತೊಟ್ಟಿಮನೆಗೆ ಹೋದರೆ ನಾನು ಮೊದಲು ನೋಡುವುದು ಕೆತ್ತನೆಯ ಬಾಗಿಲನ್ನಲ್ಲ, ಕಂಬದ ಬುಡವನ್ನು. ಮರ ನೆಲ ಮುಟ್ಟಿರುವುದಿಲ್ಲ. ಅಡಿಯಲ್ಲೊಂದು ಕಲ್ಲು, ಗೇಣುದ್ದದ್ದು, ಅಂಚು ತಿದ್ದಿದ್ದು. ಮಣ್ಣು ತನ್ನ ಸಣ್ಣ ಸಣ್ಣ ಸಂದುಗಳಲ್ಲಿ ನೀರನ್ನು ಮೇಲಕ್ಕೆ ಹೀರುತ್ತದೆ. ಗಟ್ಟಿ ಕಲ್ಲು ಆ ದಾರಿಯನ್ನು ಅಲ್ಲೇ ಕಡಿಯುತ್ತದೆ. ಆಷಾಢದ ಮಳೆ ಹಿಡಿದು ಕೂತರೂ ಕಂಬ ಸುಲಭಕ್ಕೆ ಕುಂಬಾಗದು. ಗೆದ್ದಲು ಹತ್ತಿದರೂ ಅದರ ಮಣ್ಣಿನ ಗೆರೆ ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ. ಎಂಥ ಜಾಣ್ಮೆ!

ಈಗಿನ ಮನೆಗಳಲ್ಲಿ ಆ ಕೆಲಸ ಕಾಂಕ್ರೀಟಿನಡಿಯ ದಪ್ಪ ಪ್ಲಾಸ್ಟಿಕ್ ಹಾಳೆಯದು. ಅದೂ ಒಳ್ಳೆಯದೇ, ಅಂಚುಗಳು ಒಂದರ ಮೇಲೊಂದು ಬಂದು, ಹರಿದಲ್ಲಿ ತೇಪೆ ಬಿದ್ದಿದ್ದರೆ. ಮಳೆಗಾಲದಲ್ಲಿ ಟೈಲ್ಸ್ ಒದ್ದೆಯಾದ ಕೂಡಲೇ ನೆಲವನ್ನೇ ದೂರಬೇಡಿ. ಪ್ಲಾಸ್ಟಿಕ್ ತುಂಡೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಹನಿ ಅಡಿಯಲ್ಲಿದ್ದರೆ ಥಂಡಿ ಮಣ್ಣಿನಿಂದ ಬಂದದ್ದು. ಮೇಲಿದ್ದರೆ ಗಾಳಿಯದು, ನೆಲ ಅಗೆಸುವ ಖರ್ಚು ಉಳಿಯಿತು.