ಹಳೆ ಹಾರ್ಡ್ ಡಿಸ್ಕ್ ಕೈಕೊಟ್ಟ ಮೇಲೆ

ಮನೆಯ ಕಂಪ್ಯೂಟರಿನ ಬ್ಯಾಕಪ್‌ಗೆ ಇಟ್ಟುಕೊಂಡ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೆಟ್ಟರೆ ಹೊಸದನ್ನು ಆರಿಸುವ ರೂಢಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕೈಯಲ್ಲಿರುವ ದುಡ್ಡಿಗೆ ಎಷ್ಟು ಟಿಬಿ ಬರುತ್ತದೆ ಎಂದು ಕೇಳುತ್ತಾರೆ, ಎಲ್ಲಕ್ಕಿಂತ ದೊಡ್ಡದನ್ನು ತರುತ್ತಾರೆ, ಇದ್ದಬದ್ದದ್ದನ್ನೆಲ್ಲ ಅದಕ್ಕೇ ತುಂಬುತ್ತಾರೆ. ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಾಗಲಿ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ಯಾವುದೇ ಊರಿನಲ್ಲಾಗಲಿ ಈ ರೂಢಿ ನಷ್ಟಕ್ಕೆ ದಾರಿ. ಬಯಲುಸೀಮೆಯ ಬಿಸಿಲು ಮತ್ತು ಹೊತ್ತುಗೊತ್ತಿಲ್ಲದೆ ಹೋಗುವ ಕರೆಂಟು, ಇವೆರಡೂ ಟಿಬಿಯ ಲೆಕ್ಕಕ್ಕಿಂತ ಮೊದಲು ಬರಬೇಕು.

ಅದಕ್ಕೂ ಮುಂಚೆ, ಹಳೆಯದು ನಿಜಕ್ಕೂ ಕೆಟ್ಟಿದೆಯೇ ಎಂದು ನೋಡಬೇಕು. ಹಲವು ಪೋರ್ಟಬಲ್ ಡಿಸ್ಕ್‌ಗಳ ಕೇಬಲ್ ತುದಿ ಮೈಕ್ರೋ-ಬಿ ಎನ್ನುವ ಅಗಲವಾದ ಚಪ್ಪಟೆ ಪಿನ್ನು. ವರ್ಷಗಟ್ಟಲೆ ಹಾಕಿ ತೆಗೆದರೆ ಅದು ಸಡಿಲವಾಗುತ್ತದೆ. ಬೆರಳು ತಾಗಿದರೆ ಸಾಕು, ಪರದೆಯಿಂದ ಡಿಸ್ಕ್ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಹಳೆಯ ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟಿನದೂ ಇಂಥದೇ ತೊಂದರೆ. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟು 500 ಮಿಲಿಆಂಪಿಯರ್ ಕರೆಂಟು ಕೊಡುತ್ತದೆ, 3.0 ಪೋರ್ಟು 900. ಕರೆಂಟು ಸಾಲದಿದ್ದರೆ ಒಳಗಿನ ತಟ್ಟೆ ತಿರುಗಲು ಹೊರಟು, ಟಿಕ್ ಎಂದು ನಿಂತು, ಮತ್ತೆ ಹೊರಡುತ್ತದೆ. ಆ ಸದ್ದು ಕೇಳಿದವರು ಡಿಸ್ಕ್ ಹೋಯಿತು ಎಂದೇ ತಿಳಿಯುತ್ತಾರೆ. ಬೇರೆ ಕೇಬಲ್ ಹಾಕಿ, ಹಿಂಭಾಗದ ಪೋರ್ಟಿಗೆ ಸಿಕ್ಕಿಸಿ ನೋಡಿದರೆ ಎಷ್ಟೋ ಸಲ ಸಾವಿರಾರು ರೂಪಾಯಿ ಉಳಿಯುತ್ತದೆ. ಅದಾದ ಮೇಲೂ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರುಗಳ ಸಂಖ್ಯೆ ದಿನೇ ದಿನೇ ಏರುತ್ತಿದ್ದರೆ ತಟ್ಟೆಯೇ ಕೆಡುತ್ತಿದೆ. ಆಗ ರಿಪೇರಿಯ ಗೋಜಿಗೆ ಹೋಗದೆ, ಓದಲು ಬರುವುದನ್ನೆಲ್ಲ ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

ಎಷ್ಟು ದೊಡ್ಡ ಡಿಸ್ಕ್ ಬೇಕು ಎಂಬುದು ಏನನ್ನು ಉಳಿಸಬೇಕು ಎಂಬುದರ ಮೇಲೆ ನಿಂತಿದೆ. ಪಹಣಿ ‘ಭೂಮಿ’ಯಲ್ಲಿ ಮತ್ತೆ ಸಿಗುತ್ತದೆ, ಈಚಿನ ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ, ಸಿನಿಮಾವಂತೂ ಎಲ್ಲಿಂದಾದರೂ ಬರುತ್ತದೆ. ಮದುವೆಯ ವಿಡಿಯೊ, ಅಜ್ಜಿ ಹಾಡಿದ ಸೋಬಾನೆ ಪದದ ರೆಕಾರ್ಡಿಂಗ್, ತಾತನ ಕಾಲದ ನೋಂದಣಿಯಾಗದ ಪಾಲುಪಟ್ಟಿಯ ಸ್ಕ್ಯಾನ್ ಕಳೆದುಹೋದರೆ ಯಾವ ಕಚೇರಿಯಲ್ಲೂ ನಕಲು ಸಿಗುವುದಿಲ್ಲ. ಜಾಗ ಇವಕ್ಕೆ ಮೊದಲು. ಕನ್ನಡದ ಮನೆಗಳಲ್ಲಿ ಮರೆತುಹೋಗುವ ಇನ್ನೊಂದಿದೆ: ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಬಳಸದೆ ಟೈಪ್ ಮಾಡಿದ ಹಳೆಯ ಫೈಲುಗಳು. ಆ ಫಾಂಟುಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಫೈಲಿನ ಜೊತೆ ಫಾಂಟನ್ನೂ ಉಳಿಸದಿದ್ದರೆ ಆ ಬ್ಯಾಕಪ್ ಅರ್ಧ ಮಾತ್ರ. ಇಷ್ಟಕ್ಕೆಲ್ಲ ಸಾಮಾನ್ಯ ಕುಟುಂಬಕ್ಕೆ 1 ಟಿಬಿ ಸಾಕು. ವಿಂಡೋಸ್ ಅದನ್ನು 931 ಜಿಬಿ ಎಂದು ತೋರಿಸುವುದು ಎಣಿಕೆಯ ಕ್ರಮ ಬೇರೆಯಾದ್ದರಿಂದ, ಅದರಲ್ಲಿ ಮೋಸವಿಲ್ಲ.

ಇನ್ನು ಬಗೆ. ಮೂರೂವರೆ ಇಂಚಿನ ಡೆಸ್ಕ್‌ಟಾಪ್ ಡಿಸ್ಕ್‌ಗೆ ಗೋಡೆಯ ಪ್ಲಗ್ಗಿನಿಂದ ಅಡಾಪ್ಟರ್ ಬೇಕು. ನಕಲು ನಡೆಯುತ್ತಿರುವಾಗ ಕರೆಂಟು ಹೋದರೆ ಬರೆಯುತ್ತಿದ್ದ ಫೈಲು ಕೆಡುತ್ತದೆ, ಒಮ್ಮೊಮ್ಮೆ ಇಡೀ ಡಿಸ್ಕಿನ ವಿಷಯಪಟ್ಟಿಯೇ ಹಾಳಾಗುತ್ತದೆ. ಎರಡೂವರೆ ಇಂಚಿನ ಪೋರ್ಟಬಲ್ ಡಿಸ್ಕ್ ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ನಡೆಯುವುದರಿಂದ ಈ ಭಾಗಕ್ಕೆ ಅದೇ ಮೇಲು. ಡೆಸ್ಕ್‌ಟಾಪ್ ಇದ್ದವರಿಗೆ ಯುಪಿಎಸ್ ಇಲ್ಲದೆ ಬ್ಯಾಕಪ್ ಬೇಡ. ಯುಎಸ್‌ಬಿ 2.0 ಪೋರ್ಟಿನಲ್ಲಿ 1 ಟಿಬಿ ನಕಲಿಗೆ ಸುಮಾರು ಎಂಟು ತಾಸು ಹಿಡಿಯುತ್ತದೆ, 3.0ರಲ್ಲಿ ಎರಡೂವರೆಯಿಂದ ಮೂರು ತಾಸು. ಪೋರ್ಟಬಲ್ ಡಿಸ್ಕ್‌ಗಳು ಕೆಲಸ ಮಾಡುವಾಗ ಸುತ್ತಲಿನ ಉಷ್ಣಾಂಶ 5ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಏಪ್ರಿಲ್‌ ಮಧ್ಯಾಹ್ನ ಶಿರಾ, ಪಾವಗಡದ ಶೀಟಿನ ಮನೆಯೊಳಗೆ ಆ ಮಿತಿ ದಾಟಿರುತ್ತದೆ. ಬೇಸಿಗೆಯಲ್ಲಿ ಬ್ಯಾಕಪ್ ನಸುಕಿನ ಕೆಲಸ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಬಿದ್ದರೆ ತಡೆದುಕೊಳ್ಳುತ್ತದೆ, ವೇಗವೂ ಹೆಚ್ಚು. ಊರಿಂದೂರಿಗೆ ಒಯ್ಯುವವರಿಗೆ ಅದು ಒಳ್ಳೆಯದು. ವರ್ಷಗಟ್ಟಲೆ ಬೀರುವಿನಲ್ಲಿ ಇಡುವ ಪ್ರತಿಗೆ ಮಾತ್ರ ಅಲ್ಲ. ಮೆಮೊರಿ ಉದ್ಯಮದ ಜೆಡೆಕ್ ಮಾನದಂಡದ ಪ್ರಕಾರ, ಬರವಣಿಗೆಯ ಆಯುಷ್ಯ ಪೂರ್ತಿ ಸವೆದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಕರೆಂಟಿಲ್ಲದೆ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು. ಸೆಕೆ ಹೆಚ್ಚಿದಷ್ಟೂ ಈ ಅವಧಿ ತಗ್ಗುತ್ತದೆ. ಹೊಸದು ಇದಕ್ಕಿಂತ ಬಹಳ ಹೆಚ್ಚು ಬಾಳಿದರೂ ಬೀರುವಿಗೆ ತಿರುಗುವ ಡಿಸ್ಕೇ ಸೂಕ್ತ, ಅಗ್ಗವೂ ಹೌದು.

ಹೆಸರಿನ ಚರ್ಚೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಬಿಟ್ಟರೆ ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಉಳಿದಿಲ್ಲ; ಬೇರೆ ಹೆಸರಿನ ಪೆಟ್ಟಿಗೆಯೊಳಗೂ ಇವರದೇ ಡಿಸ್ಕ್ ಇರುತ್ತದೆ. ವಿಚಾರಿಸಬೇಕಾದದ್ದು ಒಳಗಿನ ಜೋಡಣೆಯನ್ನು. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ. ಪೋರ್ಟು ಮುರಿದರೆ ಡಿಸ್ಕನ್ನು ಹೊರತೆಗೆದು ಕಂಪ್ಯೂಟರಿನೊಳಗಿನ ಸಾಟಾ ಕೇಬಲ್ಲಿಗೆ ಜೋಡಿಸಲು ಬರುವುದಿಲ್ಲ. ಇನ್ನು ಕೆಲವು ಪಾಸ್‌ವರ್ಡ್ ಹಾಕದಿದ್ದರೂ ಎಲ್ಲವನ್ನೂ ಗೂಢಲಿಪಿಯಲ್ಲೇ ಬರೆಯುತ್ತವೆ. ಬೋರ್ಡು ಸುಟ್ಟರೆ ತಟ್ಟೆ ಚೆನ್ನಾಗಿದ್ದರೂ ಓದುವುದು ಕಷ್ಟ. ಸಾಟಾ ಡಿಸ್ಕನ್ನು ಬೇರೆಯಾಗಿ ಕೊಂಡು ಯುಎಸ್‌ಬಿ ಕೇಸಿನೊಳಗೆ ಹಾಕಿಕೊಂಡರೆ ಈ ಎರಡು ಚಿಂತೆಯೂ ಇಲ್ಲ. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಸಿಗುವ ‘16 ಟಿಬಿ’ ಎಸ್‌ಎಸ್‌ಡಿಗಳು ನೇರ ವಂಚನೆ: ಒಳಗೆ ಸಣ್ಣ ಮೆಮೊರಿ ಕಾರ್ಡ್ ಇರುತ್ತದೆ, ತುಂಬಿದ ಮೇಲೆ ಹಳೆಯ ಫೈಲುಗಳ ಮೇಲೆಯೇ ಬರೆಯುತ್ತದೆ.

ವಾರಂಟಿಯನ್ನು ಜನ ಅಗತ್ಯಕ್ಕಿಂತ ಹೆಚ್ಚು ನಂಬುತ್ತಾರೆ. ಅದರಿಂದ ಡಿಸ್ಕ್ ಬದಲಾಗಿ ಬರುತ್ತದೆ, ಫೋಟೊ ಬರುವುದಿಲ್ಲ. ಅದಕ್ಕಾಗಿಯೇ 4 ಟಿಬಿಯ ಒಂದಕ್ಕಿಂತ 1 ಟಿಬಿಯ ಎರಡು ಮೇಲು. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಫೋಟೊಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಸಾಗಿಸಿ ಮೂಲವನ್ನು ಅಳಿಸಿಬಿಟ್ಟರೆ ಅದು ಬ್ಯಾಕಪ್ ಅಲ್ಲ, ಇರುವ ಒಂದೇ ಪ್ರತಿ. ಮನೆಮನೆಯಲ್ಲೂ ನಡೆಯುವ ತಪ್ಪು ಇದು. ಎರಡು ಡಿಸ್ಕ್‌ಗಳಲ್ಲಿ ಒಂದು ಮನೆಯಲ್ಲಿರಲಿ, ಕೆಲಸ ಮುಗಿದೊಡನೆ ಕಳಚಿಟ್ಟಿರಲಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ, 2017ರ ವನ್ನಾಕ್ರೈ ತರಹದ ದಾಳಿ ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಇನ್ನೊಂದು ಬೆಂಗಳೂರಿನಲ್ಲಿರುವ ಮಗಳ ಮನೆಯಲ್ಲೋ ತುಮಕೂರಿನ ನೆಂಟರಲ್ಲೋ ಇರಲಿ. ಯುಗಾದಿ, ದೀಪಾವಳಿಗೆ ಬರುವಾಗ ಅದನ್ನು ತಂದು, ಇಲ್ಲಿಯದನ್ನು ಒಯ್ದರೆ ಅದಲುಬದಲು ತಾನಾಗಿ ನಡೆಯುತ್ತದೆ. ದಿನಕ್ಕೆ 2 ಜಿಬಿ ಮೊಬೈಲ್ ಡೇಟಾದಲ್ಲಿ 500 ಜಿಬಿಯನ್ನು ಕ್ಲೌಡಿಗೆ ಏರಿಸಲು 250 ದಿನ ಬೇಕು. ಬಸ್ಸಿನಲ್ಲಿ ಹೋಗುವ ಡಿಸ್ಕಿಗೆ ಒಂದು ದಿನ ಸಾಕು.

ತಂದ ಡಿಸ್ಕನ್ನು ಕೂಡಲೇ ನಂಬಬಾರದು. ಎಚ್‌2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಒಮ್ಮೆ ಪೂರ್ತಿ ಬರೆದು ಓದಿಸಿದರೆ ಸುಳ್ಳು ಗಾತ್ರವೂ ಹುಟ್ಟುದೋಷವೂ ಬಯಲಾಗುತ್ತವೆ. ನಕಲು ಮುಗಿದ ಮೇಲೆ ನಾಲ್ಕಾರು ಫೋಟೊ, ಒಂದು ವಿಡಿಯೊ, ಒಂದು ನುಡಿ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಎಸೆಯಬಾರದು. ಆಮೇಲೆ, ಅದು ಇನ್ನೂ ನಡೆಯುತ್ತಿದ್ದರೆ ಪೂರ್ತಿ ಅಳಿಸಿ, ಇಲ್ಲವಾದರೆ ತಟ್ಟೆಯ ತುಂಬ ತೂತು ಕೊರೆದು, ಇ-ತ್ಯಾಜ್ಯ ಪಡೆಯುವವರಿಗೆ ಕೊಡಬೇಕು. ಇದ್ದ ಹಾಗೆ ಗುಜರಿಗೆ ಹಾಕಿದರೆ ಮನೆಯ ಫೋಟೊ, ಆಧಾರ್ ಪ್ರತಿಗಳೂ ಅದರ ಜೊತೆಗೆ ಹೋಗುತ್ತವೆ.